ಆಪರೇಶನ್ ಆದ ಹೆಣ್ಣು ಬೆಕ್ಕು: ಹೊಲಿಗೆ ಕೆಳಗೆ ಗಂಟು, ಕೋನ್ ನಿಲ್ಲುತ್ತಿಲ್ಲ

ಪ್ರಶ್ನೆ:
ಎಂಟು ತಿಂಗಳ ಬೆಕ್ಕು, ತೂಕ 2.8 ಕೆ.ಜಿ. ಸಂತಾನಹರಣ ಆಪರೇಶನ್ ಆಗಿ ಇವತ್ತಿಗೆ ನಾಲ್ಕು ದಿನ. ಹೊಲಿಗೆ ಎಡ ಪಕ್ಕೆಯಲ್ಲಿ, ಹೊರಗೆ ನೈಲಾನ್ ದಾರ. ನಿನ್ನೆಯಿಂದ ಅದರ ಕೆಳಗೆ ಕಡಲೆಕಾಳಿನಷ್ಟು ಗಂಟು ಕೈಗೆ ಸಿಗುತ್ತಿದೆ. ನೆಕ್ಕದಂತೆ ಕುತ್ತಿಗೆಗೆ ಹಾಕಿದ ಕೋನನ್ನು (ಕೊಳವೆಯಾಕಾರದ ಪಟ್ಟಿ) ಹಿಂಗಾಲಲ್ಲಿ ಕಿತ್ತುಹಾಕಿ ನೆಕ್ಕುತ್ತದೆ. ಊಟ ಅರ್ಧಕ್ಕೆ ಇಳಿದಿದೆ. ನೋವಿಗೆ ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ ಎರಡು ಹನಿ ಕೊಡಬಹುದೇ? ಗಾಯಕ್ಕೆ ಅರಿಶಿನ ಹಚ್ಚಲೇ?

ಉತ್ತರ 1:
ದಯವಿಟ್ಟು ಸಿರಪ್ ಒಂದು ಹನಿಯೂ ಕೊಡಬೇಡಿ. ಪ್ಯಾರಾಸಿಟಮಾಲ್ ಅನ್ನು ಅರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ವಸಡು ಕಂದು ಅಥವಾ ನೀಲಿಗೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಪ್ರಾಣವೇ ಹೋಗಬಹುದು. ಈಗಾಗಲೇ ಕೊಟ್ಟಿದ್ದರೆ ಲಕ್ಷಣಕ್ಕೆ ಕಾಯದೆ ಹೊರಡಿ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ, ತಡವಾದಷ್ಟೂ ಅದರ ಉಪಯೋಗ ಕಡಿಮೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ. ಬೆಕ್ಕಿಗೆ ಮೆಲಾಕ್ಸಿಕ್ಯಾಮ್ ಎಂಬ ನೋವಿನ ಔಷಧಿ ಕೊಡುವುದುಂಟು, ಆದರೆ ಡಾಕ್ಟರು ತೂಕ ನೋಡಿ ಬರೆದಷ್ಟೇ.

ಅರಿಶಿನವೂ ಬೇಡ. ಆ ಹಳದಿಯ ಕೆಳಗೆ ಚರ್ಮ ಕೆಂಪಾಗಿದ್ದರೂ ಕಾಣುವುದಿಲ್ಲ. ಡೆಟಾಲ್ ಕೂಡ ಬೇಡ, ನೆಕ್ಕಿದರೆ ಬೆಕ್ಕಿಗೆ ವಿಷ. ಒಣಗಿದ ಹೊಲಿಗೆಗೆ ಏನೂ ಹಚ್ಚದಿರುವುದೇ ಒಳ್ಳೆಯದು.

ಉತ್ತರ 2:
ಗಂಟು ಗಟ್ಟಿಯಾಗಿ, ತಣ್ಣಗಿದ್ದು, ಮುಟ್ಟಿದರೆ ಬೆಕ್ಕು ಸುಮ್ಮನಿದ್ದರೆ ಅದು ಬಹುಪಾಲು ಒಳಪದರದ ಕರಗುವ ದಾರಕ್ಕೆ ದೇಹ ತೋರುವ ಪ್ರತಿಕ್ರಿಯೆ. ಬೆಕ್ಕುಗಳಲ್ಲಿ ಇದು ಮಾಮೂಲಿ, ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ನೀರು ತುಂಬಿದ ಹಾಗೆ ಮೆತ್ತಗಿದ್ದರೆ ಜಾಸ್ತಿ ಜಿಗಿದಾಡಿದ್ದರಿಂದ ದ್ರವ ಸೇರಿರುತ್ತದೆ. ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಸೂಜಿ ಚುಚ್ಚಬೇಡಿ. ಬಿಸಿ, ಕೀವು, ವಾಸನೆ ಇದ್ದರೆ ಸೋಂಕು. ಗಂಟು ಒಮ್ಮೆಲೇ ದೊಡ್ಡದಾದರೆ ಒಳಹೊಲಿಗೆ ಬಿಟ್ಟಿರಬಹುದು: ಒತ್ತಿ ನೋಡದೆ ಆಗಲೇ ಆಸ್ಪತ್ರೆಗೆ. ವಸಡು ಬಿಳಿಚಿ, ಬೆಕ್ಕು ಸೊರಗಿ ಮಲಗಿದರೂ ಅಷ್ಟೇ, ಒಳಗೆ ರಕ್ತ ಸೋರುತ್ತಿರಬಹುದು. ದಿನಾ ಅದೇ ಬೆಳಕಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು ಫೋಟೋ ತೆಗೆಯಿರಿ. ಗಾತ್ರದ ಬಗ್ಗೆ ಊಹೆ ಬೇಕಾಗುವುದಿಲ್ಲ.

ಉತ್ತರ 3:
ನೆಕ್ಕುವುದು ನಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಬೆಕ್ಕಿನ ನಾಲಿಗೆ ಮುಳ್ಳು ಮುಳ್ಳು, ಹೊಲಿಗೆಯನ್ನೇ ಎಳೆಯುತ್ತದೆ. ಕೋನ್ ಮೂಗಿಗಿಂತ 2 ಸೆಂ.ಮೀ. ಮುಂದೆ ಚಾಚಿರಬೇಕು, ಕುತ್ತಿಗೆಯಲ್ಲಿ ಒಂದು ಬೆರಳು ಹೋಗುವಷ್ಟು ಸಡಿಲ. ಅದಕ್ಕಿಂತ ಸಡಿಲ ಇದ್ದರೆ ಹಿಂಗಾಲಿಗೆ ಸಿಗುತ್ತದೆ, ನಿಮ್ಮಲ್ಲಿ ಆಗುತ್ತಿರುವುದು ಅದೇ ಇರಬೇಕು.

ಅಷ್ಟಕ್ಕೂ ನಿಲ್ಲದಿದ್ದರೆ ಅಂಗಿ ಹಾಕಿ. ಹಳೆಯ ಹತ್ತಿ ಟೀ ಶರ್ಟಿನ ಉದ್ದ ತೋಳು ಕತ್ತರಿಸಿ, ಮಣಿಕಟ್ಟಿನ ಕಡೆ ಕುತ್ತಿಗೆಗೆ ಬರಲಿ, ನಾಲ್ಕು ಕಾಲಿಗೂ ತೂತು ಮಾಡಿ. ಬಾಲದ ಕೆಳಗೆ ಬಟ್ಟೆ ಬೇಡ, ಇಲ್ಲದಿದ್ದರೆ ಮೂತ್ರದಲ್ಲಿ ನೆನೆದು ಗಾಯ ಒದ್ದೆಯಾಗುತ್ತದೆ. ಹಾಕಿದ ಮೊದಲ ಕೆಲವು ಗಂಟೆ ಬೆಕ್ಕು ಮಗುಚಿ ಬಿದ್ದಂತೆ ಆಡಿದರೆ ಹೆದರಬೇಡಿ. ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ಇದು ಇರಲೇಬೇಕು.

ಪ್ರಶ್ನೆ ಕೇಳಿದವರು:
ಗಂಟು ಗಟ್ಟಿ, ಬಿಸಿ ಇಲ್ಲ. ಅಂಗಿ ಹಾಕಿದೆ, ನೆಕ್ಕುತ್ತಿಲ್ಲ. ಊಟ ಮಾತ್ರ ಇನ್ನೂ ಅಷ್ಟಕ್ಕಷ್ಟೇ.

ಉತ್ತರ 1:
ಉಗುರುಬೆಚ್ಚಗೆ ಮಾಡಿ ಕೊಡಿ, ವಾಸನೆ ಏಳಬೇಕು. ಬೇಯಿಸಿದ ಕೋಳಿ ಆಗಬಹುದು, ಈರುಳ್ಳಿ ಬೆಳ್ಳುಳ್ಳಿ ಮುಟ್ಟಿಸದೆ. ಬಟ್ಟಲಿನ ಬದಲು ಚಪ್ಪಟೆ ತಟ್ಟೆ. 24 ಗಂಟೆ ಏನೂ ತಿನ್ನದಿದ್ದರೆ ಡಾಕ್ಟರಿಗೆ ತೋರಿಸಿ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಇನ್ನೊಂದು ಅಂಗಿಯನ್ನೂ ಕತ್ತರಿಸಿಟ್ಟುಕೊಳ್ಳಿ, ಒದ್ದೆಯಾದ ಕೂಡಲೇ ಬದಲಿಸಲು ಬೇಕಾಗುತ್ತದೆ.