ಕಪಾಟಿನ ಕ್ಯಾಸೆಟ್‌ಗಳನ್ನು ಅಂತರ್ಜಾಲಕ್ಕೆ ಏರಿಸುವ ಮೊದಲು: ಕಛೇರಿ, ಕವಿಗೋಷ್ಠಿಗಳ ಬಗ್ಗೆ ಬಲ್ಲವರ ಸಲಹೆ

ಪ್ರಶ್ನೆ (ಕಲಾಕೇಂದ್ರದ ಕಾರ್ಯದರ್ಶಿ)

ನಮ್ಮದು ಮಲೆನಾಡಿನ ಸಣ್ಣ ಊರಿನ ಕಲಾಕೇಂದ್ರ. 1978ರಿಂದ 2004ರವರೆಗಿನ ಕಛೇರಿ, ಕವಿಗೋಷ್ಠಿಗಳ ಸುಮಾರು 300 ಕ್ಯಾಸೆಟ್, 20 ಸ್ಪೂಲ್ (ಬಿಡಿ ಚಕ್ರಕ್ಕೆ ಸುತ್ತಿದ ಟೇಪು), 40 ಮಿನಿ ಡಿವಿ ವಿಡಿಯೊ ಟೇಪು ಇವೆ. ಕ್ಯಾಸೆಟ್‌ಗಳಲ್ಲಿ ಹೆಚ್ಚಿನವು 90 ನಿಮಿಷದವು. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡೂ ಇವೆ. ಎಲ್ಲವನ್ನೂ ಯೂಟ್ಯೂಬಿನಲ್ಲಿ ಉಚಿತವಾಗಿ ಕೇಳಿಸಬೇಕೆಂದು ಸಮಿತಿಯ ಆಸೆ. ಎಲ್ಲಿಂದ ಶುರು ಮಾಡುವುದು? ಕಲಾವಿದರ ಅನುಮತಿ ಬೇಕೇ? ಮಾಡಿ ಅನುಭವ ಇದ್ದವರು ತಿಳಿಸಿ.

ಟೇಪ್‌ಕೆಲಸ

ಸದ್ಯಕ್ಕೆ ಒಂದು ಕ್ಯಾಸೆಟ್ಟನ್ನೂ ಡೆಕ್ಕಿಗೆ ಹಾಕಬೇಡಿ. ಮಲೆನಾಡು ಅಂದಮೇಲೆ ಬೂಷ್ಟು ಇದ್ದೇ ಇರುತ್ತದೆ. ಕ್ಯಾಸೆಟ್ಟಿನ ಕಿಟಕಿಗೆ ಟಾರ್ಚ್ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಹುಡಿಯೋ ನೂಲಿನಂಥ ಗೆರೆಯೋ ಕಂಡರೆ ಅದನ್ನು ಬೇರೆ ಡಬ್ಬಿಗೆ ಹಾಕಿ. ಅಂಥದ್ದನ್ನು ಓಡಿಸಿದರೆ ಹೆಡ್ಡು ಕಟ್ಟಿಕೊಳ್ಳುವುದು ಒಂದು ಕಷ್ಟ, ಬೀಜಕಗಳು ಡೆಕ್ಕಿನೊಳಗೆ ಉಳಿದು ಮುಂದೆ ಹಾಕುವ ಒಳ್ಳೆಯ ಟೇಪಿಗೂ ಹಬ್ಬುವುದು ಇನ್ನೊಂದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ಮೂರು ವಾರ ಇಡಿ, ಒಳಗೆ ಒಂದು ಅಗ್ಗದ ಆರ್ದ್ರತಾ ಮಾಪಕವೂ ಇರಲಿ. ಶೇಕಡಾ 40ರ ಆಸುಪಾಸಿಗೆ ಇಳಿದರೆ ಬೂಷ್ಟು ಒಣಗಿ ನಿಷ್ಕ್ರಿಯವಾಗುತ್ತದೆ. ಆಮೇಲೆ ಮಾಸ್ಕ್ ಹಾಕಿಕೊಂಡು, ಇದಕ್ಕೆಂದೇ ಇಟ್ಟ ಬೇರೆ ಹಳೆಯ ಡೆಕ್ಕಿನಲ್ಲಿ ಒರೆಸಬೇಕು. ಈ ಕೆಲಸ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬೇಡ, ಫೆಬ್ರವರಿಯ ಒಣ ಹವೆಯಲ್ಲಿ ಆಗಲಿ.

ಯುಎಸ್‌ಬಿ ವಾಕ್‌ಮನ್ ಥರದ ಅಗ್ಗದ ಪೆಟ್ಟಿಗೆ ಕೊಳ್ಳಬೇಡಿ. ಅದರ ವೇಗ ಅಲುಗಾಡುತ್ತದೆ. ಸಾಮಾನ್ಯವಾಗಿ ಸದ್ದನ್ನು ತಾನೇ ಏರಿಸಿ ಇಳಿಸುತ್ತದೆ ಕೂಡ, ಹಾಗಾಗಿ ಗಾಯಕರು ಉಸಿರೆಳೆದುಕೊಳ್ಳುವಾಗ ತಂಬೂರಿ ಉಬ್ಬಿ ಬರುತ್ತದೆ, ಮೃದಂಗದ ಮುಕ್ತಾಯಕ್ಕೆ ದನಿ ಕುಗ್ಗುತ್ತದೆ. ರಿಪೇರಿ ಮಾಡಿಸಿದ ಒಳ್ಳೆಯ ಹಳೆಯ ಡೆಕ್ ಒಂದು, ಅದರ ಲೈನ್ ಔಟ್‌ನಿಂದ ಸದ್ದನ್ನು ಕಂಪ್ಯೂಟರಿಗೆ ದಾಟಿಸುವ 24 ಬಿಟ್‌ನ ಆಡಿಯೊ ಇಂಟರ್‌ಫೇಸ್ ಒಂದು, ಅಷ್ಟು ಸಾಕು. ಬೆಲ್ಟ್ ಮತ್ತು ಪಿಂಚ್ ರೋಲರ್ (ಟೇಪನ್ನು ಎಳೆಯುವ ರಬ್ಬರ್ ಉರುಳೆ) ಹೊಸದಾಗಿರಲಿ. ಎರಡು ಮೂರು ಕ್ಯಾಸೆಟ್ಟಿಗೊಮ್ಮೆ ಹೆಡ್ಡನ್ನು ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ರಬ್ಬರಿಗೆ ಮಾತ್ರ ಅದನ್ನು ಸುರಿಯಬೇಡಿ, ಒಣಗಿ ಬಿರಿಯುತ್ತದೆ.

ಹೆಚ್ಚಿನವರು ಕೈಬಿಡುವ ಹೆಜ್ಜೆ ಅಜಿಮತ್. ಅಂದು ಧ್ವನಿಮುದ್ರಿಸಿದ ಯಂತ್ರದ ಹೆಡ್ಡು ಇದ್ದ ಕೋನವೂ ನಿಮ್ಮ ಡೆಕ್ಕಿನ ಕೋನವೂ ಒಂದೇ ಇರುವುದಿಲ್ಲ, ಅದಕ್ಕೇ ಹಳೆಯ ಕ್ಯಾಸೆಟ್ ಕಂಬಳಿ ಹೊದ್ದು ಹಾಡಿದಂತೆ ಕೇಳಿಸುತ್ತದೆ. ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಹುಡುಕಿ. ಎರಡು ಚಾನೆಲ್‌ಗಳನ್ನು ಮೊನೊಗೆ ಕೂಡಿಸಿ ಕೇಳುತ್ತಾ, ಕಾಲು ಸುತ್ತಿಗಿಂತ ಕಡಿಮೆ ಆಚೀಚೆ ತಿರುಗಿಸಿ. ಪಿಟೀಲಿನ ಬಿಲ್ಲಿನ ಸದ್ದು, ಕವಿಗಳ ಬಾಯಲ್ಲಿ ಬರುವ ಸಕಾರ ಶಕಾರಗಳು ಎಲ್ಲಿ ಅತಿ ಹರಿತವಾಗಿ ಕೇಳುತ್ತವೋ ಅದೇ ಸರಿಯಾದ ಜಾಗ. ಪ್ರತಿ ಕ್ಯಾಸೆಟ್ಟಿಗೂ, ಬದಿ ತಿರುಗಿಸಿದಾಗಲೂ ಮತ್ತೆ ನೋಡಬೇಕು. ಇಲ್ಲಿ ಕಳೆದುಹೋದ ಹೊಳಪನ್ನು ಆಮೇಲೆ ಯಾವ ಸಾಫ್ಟ್‌ವೇರೂ ಮರಳಿ ತರುವುದಿಲ್ಲ. ಐದು ನಿಮಿಷದ ಕೆಲಸ, ದಯವಿಟ್ಟು ಮಾಡಿ.

ಟೇಪನ್ನು ಹೆಡ್ಡಿಗೆ ಒತ್ತುವ ಫೆಲ್ಟ್ ತುಂಡು ಬಿದ್ದುಹೋಗಿದ್ದರೆ ಸದ್ದು ಬಂದು ಬಂದು ಹೋಗುತ್ತದೆ. ಐದು ಸ್ಕ್ರೂ ಇರುವ ಖಾಲಿ ಕ್ಯಾಸೆಟ್ ಚಿಪ್ಪಿಗೆ ಸುರುಳಿಯನ್ನು ವರ್ಗಾಯಿಸಿ. 120 ನಿಮಿಷದ ಕ್ಯಾಸೆಟ್ ಇದ್ದರೆ ಜೋಪಾನ. ಅದರ ಟೇಪು ಸುಮಾರು 9 ಮೈಕ್ರಾನ್ ದಪ್ಪ, 60 ನಿಮಿಷದ್ದರ ಅರ್ಧ. ವೇಗವಾಗಿ ಹಿಂದೆ ಮುಂದೆ ಓಡಿಸಿದರೆ ಸಿಕ್ಕಿಕೊಳ್ಳುತ್ತದೆ.

24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ವೇವ್ ಕಡತವಾಗಿ ಇಳಿಸಿ. ಅತಿ ದೊಡ್ಡ ಸದ್ದು ಮೈನಸ್ 6 ಡೆಸಿಬೆಲ್ ದಾಟದಿರಲಿ, ಮಂಗಳದ ಚಪ್ಪಾಳೆಗೂ ಜಾಗ ಬೇಕು. ಗಂಟೆಗೆ ಸುಮಾರು 2 ಜಿಬಿ ಆಗುತ್ತದೆ. ನಿಮ್ಮ 300 ಕ್ಯಾಸೆಟ್ಟಿಗೆ 450 ಗಂಟೆ, ಅಂದರೆ ಹತ್ತಿರ ಹತ್ತಿರ 930 ಜಿಬಿ. 2 ಟಿಬಿಯ ಎರಡು ಡಿಸ್ಕ್ ಕೊಂಡು ಒಂದನ್ನು ಕೇಂದ್ರದಲ್ಲಿ, ಇನ್ನೊಂದನ್ನು ಬೇರೆ ಊರಿನಲ್ಲಿ ಇಡಿ. ಯೂಟ್ಯೂಬ್ ನಿಮ್ಮ ಭಂಡಾರ ಅಲ್ಲ, ಅಲ್ಲಿರುವುದು ಕುಗ್ಗಿಸಿದ ಪ್ರತಿ ಮಾತ್ರ. ದಿನಕ್ಕೆ ಮೂರು ಕ್ಯಾಸೆಟ್ಟಿನ ಲೆಕ್ಕದಲ್ಲಿ 100 ದಿನದ ಕೆಲಸ ಎಂದು ಸಮಿತಿಗೆ ಈಗಲೇ ಹೇಳಿಬಿಡಿ.

ಸ್ಪೂಲ್‌ಗಳನ್ನು ನೀವು ಮುಟ್ಟದಿರುವುದೇ ಒಳ್ಳೆಯದು. ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ ಟೇಪು, ಪೆಡಸಾಗಿ ಮುರಿಯುತ್ತದೆ. ಓಡಿಸಿದಾಗ ಕೀರಲು ಸದ್ದು ಬಂದು ಹೆಡ್ಡಿಗೆ ಅಂಟು ಮೆತ್ತಿದರೆ ಟೇಪಿನ ಕಾಂತಪುಡಿಯನ್ನು ಹಿಡಿದಿಡುವ ಬಂಧಕ ತೇವ ಹೀರಿ ಕರಗಿದೆ ಎಂದರ್ಥ. ಅಂಥ ಪಾಲಿಯೆಸ್ಟರ್ ಟೇಪನ್ನು ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸುವ ವಿಧಾನ ಉಂಟು. ಅಸಿಟೇಟಿಗೆ ಅದೇ ಮಾಡಿದರೆ ಟೇಪೇ ಹಾಳು. ಪ್ರಯೋಗಾಲಯಕ್ಕೆ ಕಳಿಸಿ.

ಶ್ರುತಿಪೆಟ್ಟಿಗೆ

ಟೇಪ್‌ಕೆಲಸದವರ ಮಾತಿಗೆ ಒಂದು ಸೇರಿಸಬೇಕು: ವೇಗ. ಡೆಕ್ ಶೇಕಡಾ 3ರಷ್ಟು ಜೋರಾಗಿ ಓಡಿದರೆ ಶ್ರುತಿ ಅರ್ಧ ಸ್ವರಸ್ಥಾನ ಏರುತ್ತದೆ, 6ರಷ್ಟಾದರೆ ಒಂದು ಪೂರ್ತಿ ಸ್ವರಸ್ಥಾನ. ಎರಡೂವರೆ ಕಟ್ಟೆಯ ಶ್ರುತಿಯಲ್ಲಿ ಹಾಡಿದವರು ಮೂರು ಕಟ್ಟೆಯಲ್ಲಿ ಹಾಡಿದಂತೆ ಲೋಕಕ್ಕೆ ಕೇಳಿಸಿದರೆ ಅವರ ಕಂಠಕ್ಕೇ ಅನ್ಯಾಯ. ಹಾರ್ಮೋನಿಯಂ, ಕೊಳಲು ಇರುವ ಕಛೇರಿಯಾದರೆ ಆಧಾರಷಡ್ಜವನ್ನು ಟ್ಯೂನರಿನಲ್ಲಿ ನೋಡಿ, ಆ ಕಲಾವಿದರ ಬೇರೆ ಧ್ವನಿಮುದ್ರಣಗಳ ಜೊತೆ ತಾಳೆ ಹಾಕಿ. ಸ್ಪೆಕ್ಟ್ರಮ್ ಚಿತ್ರದಲ್ಲಿ ಕರೆಂಟಿನ ಗುಂಯ್ ಸದ್ದಿನ ಗೆರೆ 50 ಹರ್ಟ್ಸ್ ಬಳಿ ಇರುತ್ತದೆ, ಅದರಿಂದ ವೇಗ ಅಳೆಯಬಹುದು ಎಂದು ಅನೇಕರು ಹೇಳುತ್ತಾರೆ. ಎರಡು ಎಚ್ಚರ. ಸರಿಯಾಗಿ 50ಕ್ಕೆ ನಿಂತ ಗೆರೆ ನಿಮ್ಮ ಇಂದಿನ ಡೆಕ್ಕಿನದೇ ಇರಬಹುದು, ಪಕ್ಕದ ಇನ್ನೊಂದು ಗೆರೆ ಟೇಪಿನದು. ಅಲ್ಲದೆ 1990ರ ದಶಕದಲ್ಲಿ ದಕ್ಷಿಣದ ಗ್ರಿಡ್‌ನ ಆವರ್ತನವೇ 50ಕ್ಕಿಂತ ಕೆಳಗೆ ಇಳಿಯುತ್ತಿದ್ದದ್ದು ಸಾಮಾನ್ಯ. ಆ ಗೆರೆಯೊಂದನ್ನೇ ನಂಬಿ ತಿದ್ದಬೇಡಿ. ಮೂಲ ಕಡತ ಹಾಗೇ ಇರಲಿ, ತಿದ್ದುವುದೆಲ್ಲ ಪ್ರತಿಯಲ್ಲಿ.

ಹಕ್ಕುಪತ್ರ

ಅನುಮತಿ ಬೇಕು, ಮತ್ತು ಮುಖ್ಯ ಗಾಯಕರದು ಮಾತ್ರ ಸಾಲದು. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್ನಿನ ಪ್ರಕಾರ ಪ್ರದರ್ಶಕರಿಗೆ ತಮ್ಮದೇ ಹಕ್ಕಿದೆ. ಪಿಟೀಲು, ಮೃದಂಗ, ತಬಲಾ, ಘಟದವರೂ ಪ್ರದರ್ಶಕರೇ. ಪ್ರದರ್ಶನ ನಡೆದ ಮರುವರ್ಷದ ಆರಂಭದಿಂದ 50 ವರ್ಷ ಅದರ ಅವಧಿ. 1988ರ ಕಛೇರಿಗೆ 2038ರ ಕೊನೆಯವರೆಗೆ. ಈ ಹಕ್ಕು ಕಾಯ್ದೆಯೊಳಗೆ ಬಂದದ್ದು 1994ರ ತಿದ್ದುಪಡಿಯಿಂದ. ಅದಕ್ಕೆ ಮುಂಚಿನ ಕಛೇರಿಗಳಿಗೂ ಇದೇ ಲೆಕ್ಕ ಹಿಡಿದು ಕೇಳಿಬಿಡಿ. ನಿಮ್ಮ ವೇದಿಕೆಗೆ ಬಂದು ಹಾಡಿಹೋದವರನ್ನು ಕೇಳದೆ ಜಗತ್ತಿಗೆ ಹಂಚುವುದು ಸಭ್ಯತೆಯಲ್ಲ. ತೀರಿಕೊಂಡಿದ್ದರೆ ಮಕ್ಕಳನ್ನೋ ವಾರಸುದಾರರನ್ನೋ ಕೇಳಬೇಕು.

ಧ್ವನಿಮುದ್ರಣದ ಹಕ್ಕು ಬೇರೆ. ಕೇಂದ್ರವೇ ಮುದ್ರಿಸಿಕೊಂಡಿದ್ದರೆ ಅದು ನಿಮ್ಮದು. ಸಭೆಯಲ್ಲಿ ಕೂತ ರಸಿಕರೊಬ್ಬರು ತಮ್ಮ ಟೇಪ್ ರೆಕಾರ್ಡರಿನಲ್ಲಿ ಹಿಡಿದು ಆಮೇಲೆ ಕೊಟ್ಟ ಕ್ಯಾಸೆಟ್ಟಾದರೆ ಅವರಿಂದಲೂ ಬರೆಸಿಕೊಳ್ಳಿ. ಇಂಥ ಕಪಾಟುಗಳಲ್ಲಿ ಆಕಾಶವಾಣಿಯ ಪ್ರಸಾರದಿಂದ ಹಿಡಿದ ಕ್ಯಾಸೆಟ್ಟುಗಳೂ ಬೆರೆತಿರುತ್ತವೆ. ಉದ್ಘೋಷಕರ ದನಿ ಕೇಳಿದ ಕೂಡಲೇ ಬದಿಗಿಡಿ, ಅವನ್ನು ಏರಿಸಬೇಡಿ.

ಕವಿತೆಗಳಿಗೆ ಲೆಕ್ಕ ಕವಿಯ ಮರಣದಿಂದ: ಮರುವರ್ಷದಿಂದ 60 ವರ್ಷ. ಗೋವಿಂದ ಪೈ 1963ರಲ್ಲಿ ತೀರಿಕೊಂಡರು, ಅವರ ಕವಿತೆ 2023ರ ಕೊನೆಗೆ ಮುಕ್ತವಾಯಿತು. ಬೇಂದ್ರೆಯವರದು 2041ರ ಕೊನೆಯವರೆಗೆ, ಅಡಿಗರದು 2052, ಕುವೆಂಪು ಅವರದು 2054. ಭಾವಗೀತೆಯಾದರೆ ಕವಿ, ರಾಗ ಸಂಯೋಜಕರು, ಗಾಯಕರು, ಮೂರು ಕಡೆ ಕೇಳಬೇಕು. ಕೃತಿಗಳಲ್ಲಿ ತ್ಯಾಗರಾಜರು, ದಾಸರ ವಿಷಯದಲ್ಲಿ ಚಿಂತೆಯಿಲ್ಲ. ಮೈಸೂರು ವಾಸುದೇವಾಚಾರ್ಯರದೂ 2021ಕ್ಕೆ ಮುಗಿಯಿತು. ಜಯಚಾಮರಾಜ ಒಡೆಯರ ಕೃತಿಗಳಿಗೆ 2034ರ ಕೊನೆಯವರೆಗೆ ಅವಧಿ ಇದೆ.

ಪತ್ರ ಒಂದು ಪುಟದ್ದಿರಲಿ, ಕನ್ನಡದಲ್ಲೇ ಇರಲಿ. ದಿನಾಂಕ, ವೇದಿಕೆ, ಜೊತೆಗಿದ್ದವರ ಹೆಸರು, ಯಾವ ತಾಣದಲ್ಲಿ ಹಾಕುತ್ತೀರಿ, ಹಣ ಪಡೆಯುವುದಿಲ್ಲ ಎಂಬ ಮಾತು, ಬೇಡವೆಂದರೆ ಇಷ್ಟು ದಿನದಲ್ಲಿ ತೆಗೆಯುತ್ತೇವೆ ಎಂಬ ಮಾತು. ನೀವು ಜಾಹೀರಾತು ಬೇಡವೆಂದರೂ ಯೂಟ್ಯೂಬ್ ತಾನಾಗಿ ಹಾಕಬಹುದು, ಅದನ್ನೂ ಪತ್ರದಲ್ಲೇ ಬರೆಯಿರಿ, ಇಲ್ಲದಿದ್ದರೆ ಆಮೇಲೆ ಮನಸ್ತಾಪ. ಪತ್ರದ ಜೊತೆ ಅವರ ಕಛೇರಿಯ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಕಳಿಸಿ. ಅದು ಅವರಿಗೆ ಸಲ್ಲಬೇಕಾದದ್ದು.

ಕಂಟೆಂಟ್ ಐಡಿ (ಸದ್ದನ್ನು ತಾನಾಗಿ ಹೋಲಿಸಿ ನೋಡುವ ಯೂಟ್ಯೂಬಿನ ವ್ಯವಸ್ಥೆ) ಮೂಲಕ ಹಕ್ಕುಸಾಧನೆ ಬಂದರೆ ಗಾಬರಿ ಬೇಡ, ಅದು ಚಾನೆಲ್ಲಿಗೆ ಬೀಳುವ ದಂಡನೆಯಾದ ಸ್ಟ್ರೈಕ್ ಅಲ್ಲ. ಅದೇ ಕಲಾವಿದರು ಅದೇ ಕೃತಿಯನ್ನು ಕಂಪನಿಗೆ ಹಾಡಿದ್ದರೆ ಯಂತ್ರ ಎರಡನ್ನೂ ಒಂದೇ ಎಂದುಕೊಳ್ಳಬಹುದು. ಪತ್ರ ಕೈಯಲ್ಲಿದ್ದರೆ ಆಕ್ಷೇಪ ಸಲ್ಲಿಸಿ, ಎದುರಿನವರಿಗೆ ಉತ್ತರಿಸಲು 30 ದಿನ ಇರುತ್ತದೆ.

ಕಾರ್ಯದರ್ಶಿ

ಬಹಳ ಉಪಕಾರವಾಯಿತು. ಇನ್ನೆರಡು ಕೇಳಬೇಕು. ಹಿಸ್ ಸದ್ದು ತೆಗೆದರೆ ತಂಬೂರಿಯೇ ಮಾಯವಾಗುತ್ತಿದೆ, ಯಾಕೆ? ಮತ್ತೆ ಹುಡುಕಿದರೆ ಸಿಗುವಂತೆ ಹೆಸರು ಕೊಡುವುದು ಹೇಗೆ?

ಟೇಪ್‌ಕೆಲಸ

ತಂಬೂರಿ ಎಡೆಬಿಡದೆ ಒಂದೇ ಸಮ ನುಡಿಯುವ ಸದ್ದು. ಸಾಫ್ಟ್‌ವೇರಿನ ಕಣ್ಣಿಗೆ ಗದ್ದಲದ ಲಕ್ಷಣವೂ ಅದೇ. ನೀವು ಮಾದರಿಗೆ ಆರಿಸಿದ ‘ನಿಶ್ಶಬ್ದ’ ತುಣುಕಿನಲ್ಲಿ ತಂಬೂರಿ ಇತ್ತು, ಹಾಗಾಗಿ ಅದನ್ನೇ ತೆಗೆದುಹಾಕಿತು. ಶ್ರುತಿ ಕೂಡಿಸುವುದಕ್ಕೂ ಮುಂಚಿನ, ಇಲ್ಲವೇ ಬದಿ ಮುಗಿದಮೇಲಿನ ಖಾಲಿ ಟೇಪಿನ ಎರಡು ಸೆಕೆಂಡು ಮಾದರಿ ತೆಗೆದುಕೊಂಡು 4ರಿಂದ 6 ಡೆಸಿಬೆಲ್ ಮಾತ್ರ ಇಳಿಸಿ. ಸ್ವಲ್ಪ ಹಿಸ್ ಇರಲಿ, ಕಿವಿ ಎರಡು ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ. ಕವಿವಾಚನಕ್ಕೆ 80 ಹರ್ಟ್ಸ್‌ನ ಕೆಳಗೆ ಕತ್ತರಿಸಿದರೆ ಮೇಜಿನ ಧಡ್ ಸದ್ದು ಹೋಗುತ್ತದೆ. ಅದೇ ಫಿಲ್ಟರನ್ನು ಕಛೇರಿಗೆ ಹಾಕಬೇಡಿ, ಮೃದಂಗದ ಎಡಭಾಗದ ಗುಂಕಿ ಸಣ್ಣಗಾಗುತ್ತದೆ. ಮೌನವನ್ನು ತಾನಾಗಿ ಕತ್ತರಿಸುವ ಸೌಲಭ್ಯವನ್ನಂತೂ ಕವಿಗೋಷ್ಠಿಗೆ ಎಂದೂ ಬಳಸಬೇಡಿ. ಸಾಲು ಸಾಲಿನ ನಡುವೆ ಕವಿ ನಿಂತದ್ದೂ ವಾಚನದ ಭಾಗ.

ರಾಗಸೂಚಿ

ಕಡತದ ಹೆಸರು ಅಂಕಿಗಳಲ್ಲಿರಲಿ: ವರ್ಷ-ತಿಂಗಳು-ದಿನ, ಕ್ಯಾಸೆಟ್ ಸಂಖ್ಯೆ, ಬದಿ. ಉಳಿದದ್ದೆಲ್ಲ ಒಂದು ಸ್ಪ್ರೆಡ್‌ಶೀಟಿನಲ್ಲಿ, ಯೂನಿಕೋಡ್ ಕನ್ನಡದಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಪಟ್ಟಿ ಇದ್ದರೆ ಮೊದಲು ಪರಿವರ್ತಿಸಿ, ಇಲ್ಲದಿದ್ದರೆ ಯಾವ ಹುಡುಕಾಟಕ್ಕೂ ಸಿಗದು. ಕೃತಿ, ರಾಗ, ತಾಳ, ವಾಗ್ಗೇಯಕಾರರು, ಪಕ್ಕವಾದ್ಯದವರು, ಎಲ್ಲಕ್ಕೂ ಬೇರೆ ಬೇರೆ ಕಾಲಂ. ಪದ್ಧತಿ ಯಾವುದೆಂಬುದಕ್ಕೂ ಒಂದು ಕಾಲಂ ಬೇಕೇ ಬೇಕು. ಕರ್ನಾಟಕದ ತೋಡಿಯೇ ಬೇರೆ, ಹಿಂದೂಸ್ತಾನಿ ತೋಡಿಯೇ ಬೇರೆ. ಹಿಂದೂಸ್ತಾನಿಯದು ನಮ್ಮ ಶುಭಪಂತುವರಾಳಿಯ ಸ್ವರಗಳದು. ನಮ್ಮ ಹಿಂದೋಳ ಅವರ ಮಾಲಕೌಂಸ್, ಅವರ ಹಿಂದೋಲ್ ಇನ್ನೊಂದು ರಾಗ. ಗೊತ್ತಿಲ್ಲದ ರಾಗಕ್ಕೆ ಊಹೆಯ ಹೆಸರು ಬೇಡ, ಖಾಲಿ ಬಿಡಿ, ಕೇಳುಗರೇ ತಿಳಿಸುತ್ತಾರೆ.

ಕವಿತೆಗೆ ಶೀರ್ಷಿಕೆಯ ಜೊತೆ ಮೊದಲ ಸಾಲನ್ನೂ ಬರೆದಿಡಿ. ಗೋಷ್ಠಿಯಲ್ಲಿ ಹಸ್ತಪ್ರತಿಯಿಂದ ಓದಿದ ಕವಿತೆ ಪುಸ್ತಕದಲ್ಲಿ ಬೇರೆ ಹೆಸರಿನಲ್ಲಿ, ಬೇರೆ ಪಾಠದಲ್ಲಿ ಇರಬಹುದು. ಪುಸ್ತಕ ನೋಡಿ ವಾಚನವನ್ನು ತಿದ್ದಬೇಡಿ, ವ್ಯತ್ಯಾಸ ಗುರುತು ಹಾಕಿ. ಯಾಂತ್ರಿಕ ಉಪಶೀರ್ಷಿಕೆ ಹಳಗನ್ನಡಕ್ಕಾಗಲಿ ಧಾರವಾಡದ ಮಾತಿಗಾಗಲಿ ನಂಬಲರ್ಹವಲ್ಲ. ಕೈಯಲ್ಲಿ ಬರೆದ ಪಠ್ಯ ಹಾಕುವುದಾದರೆ ಅದಕ್ಕೂ ಕವಿಯ ಒಪ್ಪಿಗೆ ಪತ್ರದಲ್ಲಿರಲಿ.

ಮೂರು ಗಂಟೆಯ ಕಛೇರಿಯನ್ನು ತುಂಡು ಮಾಡಬೇಡಿ, ವಿವರಣೆಯಲ್ಲಿ ಸಮಯ ಕೊಡಿ. ಮೊದಲ ಸಾಲು 0:00 ಇರಬೇಕು, ಕನಿಷ್ಠ ಮೂರು ಸಾಲು ಬೇಕು, ಆಗಲೇ ಅಧ್ಯಾಯಗಳು ಮೂಡುವುದು. ಏರಿಸುವ ಮುನ್ನ ಮಧ್ಯಂತರವನ್ನು ಪೂರ್ತಿ ಕೇಳಿ. ಮೈಕ್ ತೆರೆದೇ ಇದ್ದು ಯಾರದೋ ಮನೆ ಮಾತು, ನಿರೂಪಕರು ಓದಿದ ವಿಳಾಸ, ಫೋನ್ ಸಂಖ್ಯೆ ದಾಖಲಾಗಿರುತ್ತದೆ. ಅದಿಷ್ಟನ್ನು ಪ್ರತಿಯಿಂದ ತೆಗೆಯಿರಿ.

ಚಿತ್ರದವರು

ಮಿನಿ ಡಿವಿಯನ್ನು ಫೈರ್‌ವೈರ್ ಕೇಬಲಿನಲ್ಲೇ (ಡಿಜಿಟಲ್ ಚಿತ್ರವನ್ನು ಹಾಗೆಯೇ ಕಂಪ್ಯೂಟರಿಗೆ ದಾಟಿಸುವ ಹಳೆಯ ತಂತಿ) ಇಳಿಸಿ, ಗಂಟೆಗೆ ಸುಮಾರು 13 ಜಿಬಿ. ಹಳದಿ ವಿಡಿಯೊ ತಂತಿಯಲ್ಲಿ ಇಳಿಸಿದರೆ ಡಿಜಿಟಲ್ ಚಿತ್ರವನ್ನು ಕೆಡಿಸಿ ಮತ್ತೆ ಡಿಜಿಟಲ್ ಮಾಡಿದಂತೆ. ಫೈರ್‌ವೈರ್ ಇರುವ ಹಳೆಯ ಕಂಪ್ಯೂಟರನ್ನು ಈಗಲೇ ಹುಡುಕಿಡಿ. ಸೆಕೆಂಡಿಗೆ 50 ಅರೆಚಿತ್ರಗಳನ್ನು 50 ಪೂರ್ಣ ಚಿತ್ರವಾಗಿ ಬಿಡಿಸಿ. 25ಕ್ಕೆ ಇಳಿಸಿದರೆ ತಬಲಾದ ಬೆರಳು, ನೃತ್ಯದ ಹಸ್ತ ತೊದಲುತ್ತವೆ. 4:3ರ ಚಿತ್ರವನ್ನು ಅಗಲಕ್ಕೆ ಎಳೆಯಬೇಡಿ. 1440×1080ಕ್ಕೆ ಹಿಗ್ಗಿಸಿ ಏರಿಸಿದರೆ ಯೂಟ್ಯೂಬ್ ಕಡಿಮೆ ಕುಗ್ಗಿಸುತ್ತದೆ.