ಗ್ರಾಮ ಪಂಚಾಯಿತಿ ಸದಸ್ಯರ ದಿನನಿತ್ಯದ ಕೆಲಸ: ಯಾವುದು ನಮ್ಮ ವ್ಯಾಪ್ತಿ, ಯಾವುದು ಅಲ್ಲ?

ಕೆರೆಕೋಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಗೆ ಉಪಚುನಾವಣೆಯಲ್ಲಿ ಮಹಿಳಾ ಮೀಸಲು ಸ್ಥಾನದಿಂದ ಆಯ್ಕೆಯಾಗಿ ಬಂದಿದ್ದೇನೆ. ಅವಧಿಯ ನಡುವೆ ಬಂದ ಕಾರಣ ಇತರ ಸದಸ್ಯರಿಗೆ ಸಿಕ್ಕ ತರಬೇತಿ ನನಗೆ ಇನ್ನೂ ಸಿಕ್ಕಿಲ್ಲ. ಅನುಭವವುಳ್ಳವರಿಂದ ತಿಳಿದುಕೊಳ್ಳೋಣವೆಂದು ಇಲ್ಲಿ ಕೇಳುತ್ತಿದ್ದೇನೆ.

ಬೆಳಕು ಹರಿಯುವ ಮೊದಲೇ ಫೋನ್ ಕರೆಗಳು ಶುರುವಾಗುತ್ತವೆ. ನಲ್ಲಿಯಲ್ಲಿ ನೀರು ಬಂದಿಲ್ಲ, ಬೀದಿದೀಪ ಕೆಟ್ಟಿದೆ, ವಿಧವಾ ವೇತನ ನಿಂತಿದೆ, ಪಡಿತರ ಚೀಟಿಗೆ ಸೊಸೆಯ ಹೆಸರು ಸೇರಬೇಕು, ಅಣ್ಣತಮ್ಮಂದಿರ ಬದುವಿನ ಜಗಳ ಬಿಡಿಸಬೇಕು ಎಂದು ಜನ ಕೇಳುತ್ತಾರೆ. ವೋಟು ಹಾಕಿದವರು ಕೇಳುವುದು ಸಹಜವೇ ಆದರೂ, ಇವುಗಳಲ್ಲಿ ಪಂಚಾಯಿತಿ ನಿಜವಾಗಿ ಮಾಡಬಹುದಾದುದು ಎಷ್ಟು ಎಂಬುದು ನನಗೆ ಸ್ಪಷ್ಟವಾಗಿಲ್ಲ. ಇದು ಮೊದಲ ಪ್ರಶ್ನೆ.

ಎರಡನೆಯದು ನಮ್ಮ ವಾರ್ಡಿನ ಹಿಂದಿನ ಬೀದಿಯದು. ಅಲ್ಲಿ ಚರಂಡಿಯಿಲ್ಲದೆ ಬಚ್ಚಲು ನೀರೆಲ್ಲ ದಾರಿಯ ಮೇಲೆಯೇ ನಿಲ್ಲುತ್ತದೆ. ಸಭೆಯಲ್ಲಿ ಎದ್ದು ಹೇಳಿದರೆ ‘ನೋಡೋಣಮ್ಮ, ಅನುದಾನ ಬರಲಿ’ ಎನ್ನುತ್ತಾರೆ. ಮುಂದಿನ ಸಭೆಯಲ್ಲಿ ಅದೇ ವಿಷಯವನ್ನು ಹೊಸದಾಗಿ ಹೇಳಬೇಕಾಗುತ್ತದೆ. ಈ ಕೆಲಸವನ್ನು ಕ್ರಿಯಾ ಯೋಜನೆಯೊಳಗೆ (ಪಂಚಾಯಿತಿ ಕೈಗೊಳ್ಳುವ ಕಾಮಗಾರಿಗಳ ಪಟ್ಟಿಯೊಳಗೆ) ತರುವ ಸರಿಯಾದ ದಾರಿ ಯಾವುದು?

ಹಾಸನದ ಮಾಜಿ ಸದಸ್ಯ

ಮೇಡಂ, ಅಭಿನಂದನೆಗಳು. ನಿಮ್ಮ ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಕುಡಿಯುವ ನೀರು, ಬೀದಿದೀಪ, ಚರಂಡಿ, ಕಸ, ಊರೊಳಗಿನ ರಸ್ತೆ, ಮನೆ ಕಂದಾಯ, ಇ-ಸ್ವತ್ತು (ಮನೆ, ನಿವೇಶನಗಳ ಗಣಕೀಕೃತ ಆಸ್ತಿ ದಾಖಲೆ), ವಸತಿ ಯೋಜನೆ ಇವು ನೇರವಾಗಿ ಪಂಚಾಯಿತಿಯವು. ವಿಧವಾ ವೇತನ, ಸಂಧ್ಯಾ ಸುರಕ್ಷಾ ಮೊದಲಾದ ಪಿಂಚಣಿಗಳು ಕಂದಾಯ ಇಲಾಖೆಗೆ ಸೇರಿದ್ದು, ಅರ್ಜಿ ನಾಡಕಚೇರಿಯ ಮೂಲಕ ಹೋಗುತ್ತದೆ. ಪಡಿತರ ಚೀಟಿ ಆಹಾರ ಇಲಾಖೆಯದು. ಬದುವಿನ ಜಗಳಕ್ಕೆ ಭೂಮಾಪನ ಇಲಾಖೆಯಲ್ಲಿ ಹದ್ದುಬಸ್ತಿಗೆ, ಅಂದರೆ ಅಳತೆ ಮಾಡಿ ಗಡಿ ಗುರುತಿಸಲು, ಅರ್ಜಿ ಹಾಕಿಸಿ, ನೀವು ತೀರ್ಪು ಹೇಳುವ ಜಾಗದಲ್ಲಿ ಮಾತ್ರ ಕೂರಬೇಡಿ. ಒಂದು ಮನೆಯವರ ಪರ ಮಾತನಾಡಿದಿರಿ ಎಂಬ ಹೆಸರು ಬಂದರೆ ಅದು ಐದು ವರ್ಷವೂ ಅಳಿಸುವುದಿಲ್ಲ.

ಹಾಗೆಂದು ‘ಅದು ನಮ್ಮದಲ್ಲ’ ಎಂದು ಹೇಳಿ ಕಳುಹಿಸಿದರೆ ಊರಿನಲ್ಲಿ ನಡೆಯುವುದಿಲ್ಲ. ವೇತನ ನಿಂತಿದೆ ಎಂದು ಬರುವ ಅಜ್ಜಿಯರ ಪಾಸ್‌ಬುಕ್ ತರಿಸಿ ನೋಡಿದರೆ, ಹಲವು ಸಲ ಮಂಜೂರಾತಿ ರದ್ದಾಗಿರುವುದಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ ಅಥವಾ ಎರಡು ದಾಖಲೆಗಳಲ್ಲಿ ಹೆಸರು ಎರಡು ಬಗೆಯಾಗಿ ಇರುತ್ತದೆ. ಇದನ್ನು ಗುರುತಿಸಿ, ಯಾವ ಕಚೇರಿಗೆ ಯಾವ ಕಾಗದ ಒಯ್ಯಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರೆ ಅವರಿಗೆ ಎಷ್ಟೋ ಅಲೆದಾಟ ತಪ್ಪುತ್ತದೆ. ವಸತಿ ಯೋಜನೆಯಲ್ಲೂ ಹೀಗೆಯೇ. ತಳಪಾಯ, ಲಿಂಟಲ್, ಛಾವಣಿ ಎಂದು ಹಂತಹಂತವಾಗಿ ಚಿತ್ರ ತೆಗೆದು ದಾಖಲಿಸಿದ ಮೇಲೆಯೇ ಕಂತು ಬಿಡುಗಡೆಯಾಗುವುದರಿಂದ, ಚಿತ್ರ ತೆಗೆಯುವವರು ಬಾರದೆ ಗೋಡೆ ಅರ್ಧಕ್ಕೆ ನಿಂತಿರುವ ಮನೆಗಳಿರುತ್ತವೆ. ಸದಸ್ಯರು ಒಂದು ಸಲ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಗಮನಕ್ಕೆ ತಂದರೆ ಆಗಿಬಿಡುವ ಕೆಲಸ ಅದು.

ನೀರಿನ ವಿಷಯದಲ್ಲಿ ಒಂದು ಮಾತು. ನಿಮ್ಮ ವಾರ್ಡಿಗೆ ನೀರು ಬಿಡುವ ನೀರುಗಂಟಿಯೊಂದಿಗೆ ಒಮ್ಮೆ ಬೆಳಗ್ಗೆ ಪೂರ್ತಿ ಸುತ್ತಿ ಬನ್ನಿ. ಯಾವ ವಾಲ್ವ್ ಯಾವ ಬೀದಿಗೆ, ಯಾವ ತೊಂಬೆ ಸೋರುತ್ತದೆ, ಕೊಳವೆಬಾವಿಯ ಮೋಟಾರ್ ಪದೇ ಪದೇ ಸುಡುವುದು ವೋಲ್ಟೇಜ್ ಕಾರಣಕ್ಕೋ ನೀರಿನ ಮಟ್ಟ ಇಳಿದ ಕಾರಣಕ್ಕೋ ಎಂಬುದು ಅವರಿಗೆ ಗೊತ್ತಿರುವಷ್ಟು ಕಚೇರಿಯ ಕಡತಕ್ಕೆ ಗೊತ್ತಿರುವುದಿಲ್ಲ. ಅವರ ಸಂಬಳ ಬಾಕಿಯಿದ್ದರೆ ಅದನ್ನೂ ಸಭೆಯಲ್ಲಿ ಎತ್ತಿ.

ನಿವೃತ್ತ ಕಾರ್ಯದರ್ಶಿ

ಮೇಲಿನವರು ಹೇಳಿದ್ದೆಲ್ಲ ಒಪ್ಪುವಂಥದ್ದು. ನಾನು ಎರಡನೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಹೊಸ ಸದಸ್ಯರು ಸೋಲುವುದು ಸಾಮಾನ್ಯವಾಗಿ ಇಲ್ಲಿಯೇ.

1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಒಬ್ಬ ಸದಸ್ಯರು ಒಂಟಿಯಾಗಿ ಯಾವ ಕಾಮಗಾರಿಗೂ ಆದೇಶ ನೀಡಲಾರರು. ತೀರ್ಮಾನಿಸುವುದು ಸಭೆ, ಜಾರಿಗೆ ತರುವುದು ಪಿಡಿಒ, ಹಣ ಹೊರಡುವುದು ಅಧ್ಯಕ್ಷರು ಮತ್ತು ಪಿಡಿಒ ಇಬ್ಬರೂ ಒಪ್ಪಿದ ಮೇಲೆ. ಆದ್ದರಿಂದ ನಡವಳಿ ಪುಸ್ತಕದಲ್ಲಿ ಬರಹಕ್ಕಿಳಿಯದ ಮಾತು, ಎಷ್ಟೇ ಜೋರಾಗಿ ಆಡಿದ್ದರೂ, ಆಡಳಿತದ ಲೆಕ್ಕದಲ್ಲಿ ಆಡದ ಮಾತೇ. ತಾವು ಚರಂಡಿಯ ವಿಷಯವನ್ನು ಪ್ರತಿ ಸಭೆಯಲ್ಲಿ ಹೊಸದಾಗಿ ಹೇಳಬೇಕಾಗಿ ಬರುತ್ತಿರುವುದಕ್ಕೆ ಇದೇ ಕಾರಣವಿರಬಹುದು. ಹಿಂದಿನ ಸಭೆಗಳ ನಡವಳಿಯ ಪ್ರತಿ ಪಡೆದು, ತಮ್ಮ ಮಾತು ಅದರಲ್ಲಿದೆಯೇ ಎಂದು ಮೊದಲು ನೋಡಿ.

ಇನ್ನು ದಾರಿಯ ವಿಷಯ. ಕ್ರಿಯಾ ಯೋಜನೆ ಹುಟ್ಟಬೇಕಾದದ್ದು ವಾರ್ಡ್ ಸಭೆಯಲ್ಲಿ. ಅಲ್ಲಿ ಬಂದ ಬೇಡಿಕೆಗಳು ಗ್ರಾಮ ಸಭೆಗೆ ಹೋಗಿ, ಆದ್ಯತೆ ಪಡೆದು, ನಂತರ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಅನುಮೋದನೆಗೊಳ್ಳಬೇಕು. ವಾರ್ಡ್ ಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕೆಂದು ಕಾಯ್ದೆಯೇ ಹೇಳಿದೆ, ಅದರ ಅಧ್ಯಕ್ಷತೆ ವಾರ್ಡಿನ ಸದಸ್ಯರದೇ. ಎಷ್ಟೋ ಕಡೆ ಇದು ಸಹಿ ಸಂಗ್ರಹದಲ್ಲಿ ಮುಗಿದುಹೋಗುತ್ತದೆ. ತಾವು ಅದನ್ನು ಆ ಹಿಂದಿನ ಬೀದಿಯಲ್ಲಿಯೇ, ಹೆಣ್ಣುಮಕ್ಕಳು ಬರಲಾಗುವ ಹೊತ್ತಿನಲ್ಲಿ ನಿಜವಾಗಿ ನಡೆಸಿದರೆ, ಬೇಡಿಕೆಗೆ ತಮ್ಮ ಧ್ವನಿಯ ಜೊತೆಗೆ ಜನರ ಸಹಿಯ ತೂಕವೂ ಬರುತ್ತದೆ.

‘ಅನುದಾನ ಬರಲಿ’ ಎಂಬ ಉತ್ತರವನ್ನು ಹಾಗೆಯೇ ಬಿಡಬೇಡಿ. ಯಾವ ಅನುದಾನ ಎಂದು ಕೇಳಿ. 15ನೇ ಹಣಕಾಸು ಆಯೋಗವು 2021-26ರ ಅವಧಿಗೆ ನಿಗದಿಪಡಿಸಿದಂತೆ, ಪಂಚಾಯಿತಿಗೆ ಬರುವ ಮೊತ್ತದಲ್ಲಿ ಶೇ. 60ರಷ್ಟು ನಿರ್ಬಂಧಿತ ಅನುದಾನವಾಗಿತ್ತು. ಅದನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕಿತ್ತು. ಉಳಿದ ಶೇ. 40 ಮಾತ್ರ ಅನಿರ್ಬಂಧಿತವಾಗಿತ್ತು. ಎಲ್ಲ ಸದಸ್ಯರೂ ಸಿಮೆಂಟ್ ರಸ್ತೆಗಾಗಿ ಅನಿರ್ಬಂಧಿತ ಹಣದ ಮೇಲೆಯೇ ಮುಗಿಬೀಳುತ್ತಾರೆ. ತಮ್ಮದು ಬಚ್ಚಲು ನೀರಿನ ಸಮಸ್ಯೆ. ಅದನ್ನು ‘ಚರಂಡಿ ಕಾಮಗಾರಿ’ ಎಂದಷ್ಟೇ ಬರೆಯದೆ ‘ಬೂದು ನೀರು ನಿರ್ವಹಣೆ’ ಎಂದು, ಇಂಗುಗುಂಡಿಯನ್ನೂ ಸೇರಿಸಿ ಪ್ರಸ್ತಾಪಿಸಿದರೆ ನೈರ್ಮಲ್ಯದ ಬಾಬಿನಲ್ಲಿ ಪರಿಗಣಿಸಲು ಅವಕಾಶವಿರುತ್ತದೆ. ಅಲ್ಲಿ ಪೈಪೋಟಿಯೂ ಕಡಿಮೆ.

ಪ್ರಾಸಂಗಿಕವಾಗಿ ಹೇಳುವುದಾದರೆ, 1987ರಲ್ಲಿ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಹೆಣ್ಣುಮಕ್ಕಳಿಗೆ ಇದ್ದದ್ದು ಶೇ. 25ರ ಮೀಸಲಾತಿ. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಊರೂರಿಗೆ ಕೊಳವೆಬಾವಿ ಕೊರೆಸಿದ ಕಾರಣಕ್ಕೆ ‘ನೀರ್ ಸಾಬ್’ ಎಂದೇ ಜನ ಕರೆಯುತ್ತಿದ್ದರು. ಈಗ ಮೈಸೂರಿನಲ್ಲಿ ಅವರ ಹೆಸರಿನಲ್ಲಿರುವ ಸಂಸ್ಥೆಯೇ ತಮ್ಮಂಥ ಸದಸ್ಯರ ತರಬೇತಿಯನ್ನು ನೋಡಿಕೊಳ್ಳುತ್ತದೆ. ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಪತ್ರ ಬರೆದು ತರಬೇತಿ ಕೇಳಿ.

ಕಂದಾಯ ಕಟ್ಟುವವ

ನಾನು ಸದಸ್ಯನಲ್ಲ, ಮತದಾರ. ಎರಡು ವಿಷಯಗಳನ್ನು ಕಟುವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ.

ನಮ್ಮ ಕಡೆ ಮಹಿಳಾ ಸದಸ್ಯರಿಗೆ ಹೋದ ಕರೆಯನ್ನು ಎತ್ತುವವರು ಅವರ ಯಜಮಾನರು, ಸಭೆಯ ದಿನ ಕಚೇರಿಯ ಪಡಸಾಲೆಯಲ್ಲಿ ಕೂರುವವರೂ ಅವರೇ. ರಾಜ್ಯದಲ್ಲಿ ಅರ್ಧದಷ್ಟು ಸ್ಥಾನಗಳನ್ನು ಹೆಣ್ಣುಮಕ್ಕಳಿಗೆ ಮೀಸಲಿಟ್ಟ ಮೇಲೂ ಹೀಗಿದೆ. ಇಲ್ಲಿ ಪ್ರಶ್ನೆಯನ್ನು ತಾವೇ ಬರೆದಿರುವುದು ಸಂತೋಷ. ಫೋನನ್ನೂ ತಾವೇ ಎತ್ತಿ.

ಎರಡನೆಯದಾಗಿ, ನಾಳೆ ಚರಂಡಿ ಮಂಜೂರಾದರೆ ‘ನಿಮ್ಮ ಮೈದುನನ ಹೆಸರಿನಲ್ಲಿ ಮಾಡಿಸಿಬಿಡಿ’ ಎಂದು ಹೇಳುವವರು ಖಂಡಿತ ಬರುತ್ತಾರೆ. ಪಂಚಾಯಿತಿಯ ಕಾಮಗಾರಿಯಲ್ಲಿ ಸದಸ್ಯರಿಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲಿದ್ದರೆ ಸದಸ್ಯತ್ವಕ್ಕೇ ಕುತ್ತು ಬರುತ್ತದೆ. ಕಾನೂನು ಹಾಗಿರಲಿ, ಸ್ವಂತದವರೇ ಕಟ್ಟಿದ ಚರಂಡಿಯ ಸಿಮೆಂಟ್ ಕಡಿಮೆಯಾಯಿತೆಂದು ಸದಸ್ಯರು ಯಾರನ್ನು ಕೇಳಿಯಾರು? ಪಂಚಾಯಿತಿಯ ಲೆಕ್ಕ ಮತ್ತು ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸಲು ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಗೆ ವಾರ್ಡಿನ ನಾಲ್ಕು ಜನರನ್ನಾದರೂ ಕರೆದುಕೊಂಡು ಹೋಗಿ, ಬಿಲ್ಲನ್ನೂ ಸ್ಥಳವನ್ನೂ ಒಟ್ಟಿಗೆ ತೋರಿಸಿ.

ಕೆರೆಕೋಡಿ

ಎಲ್ಲರಿಗೂ ಧನ್ಯವಾದಗಳು. ನಿವೃತ್ತ ಕಾರ್ಯದರ್ಶಿಗಳು ಹೇಳಿದಂತೆ ನಡವಳಿಯ ಪ್ರತಿ ತರಿಸಿ ನೋಡಿದೆ. ಚರಂಡಿಯ ಮಾತು ಎಲ್ಲಿಯೂ ಇಲ್ಲ, ‘ಇತರ ವಿಷಯಗಳನ್ನು ಚರ್ಚಿಸಲಾಯಿತು’ ಎಂದಷ್ಟೇ ಇದೆ. ಮುಂದಿನ ಸಭೆಯಲ್ಲಿ ಹೀಗಾಗದಂತೆ ಏನು ಮಾಡಬೇಕು? ಸದಸ್ಯೆ ಎಂಬ ನೆಲೆಯಲ್ಲಿ ಲಿಖಿತವಾಗಿ ಕೊಡಬಹುದೇ?

ನಿವೃತ್ತ ಕಾರ್ಯದರ್ಶಿ

ಧಾರಾಳವಾಗಿ ಕೊಡಬಹುದು. ಸಭೆಯ ಸೂಚನಾ ಪತ್ರ ಹೊರಡುವ ಮೊದಲೇ ಅಧ್ಯಕ್ಷರಿಗೆ ಬರೆದು, ಪ್ರತಿಯನ್ನು ಪಿಡಿಒ ಅವರಿಗೆ ಕೊಟ್ಟು, ತಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಪತ್ರದಲ್ಲಿ ಬೀದಿಯ ಗುರುತು, ಎಲ್ಲಿಂದ ಎಲ್ಲಿಯವರೆಗೆ, ನೀರು ಕೊನೆಗೆ ಎಲ್ಲಿಗೆ ಹೋಗಬೇಕು ಎಂಬುದಿರಲಿ. ಕೊನೆಯದನ್ನು ಬರೆಯದಿದ್ದರೆ ಎಂಜಿನಿಯರ್ ಅಂದಾಜು ಪಟ್ಟಿ ಮಾಡಲಾರರು, ಅಥವಾ ಮಾಡಿದರೂ ಚರಂಡಿ ಯಾರದೋ ಮನೆ ಬಾಗಿಲಲ್ಲಿ ನಿಂತುಬಿಡುತ್ತದೆ. ‘ಇತರ ವಿಷಯ’ದಡಿ ಸೇರಿಸುತ್ತೇವೆಂದರೆ ಒಪ್ಪದೆ, ಪ್ರತ್ಯೇಕ ವಿಷಯ ಸಂಖ್ಯೆ ಕೇಳಿ. ಚರ್ಚೆಯಾದ ಮೇಲೆ ತೀರ್ಮಾನದ ವಾಕ್ಯವನ್ನು ಓದಿಸಿ ಕೇಳಿದ ನಂತರವೇ ಸಭೆಯಿಂದ ಏಳಿ.