ಬೊರ್ರಾ ಗುಹೆಗೆ ರೈಲಾ, ಕಾರಾ? ಹೋಗಿಬಂದವರು ಹೇಳಿ

ಪ್ರಶ್ನೆ: ಡಿಸೆಂಬರಿನಲ್ಲಿ ಆಂಧ್ರದ ವಿಶಾಖಪಟ್ಟಣದಿಂದ ಬೊರ್ರಾದ ಸುಣ್ಣಕಲ್ಲಿನ ಗುಹೆ, ಅರಕು ಕಣಿವೆ ನೋಡುವ ಯೋಚನೆ. ಅಮ್ಮನಿಗೆ ಮಂಡಿನೋವು. ಹೇಗೆ ಹೋದರೆ ಒಳ್ಳೆಯದು?

ರೈಲುಪ್ರಿಯ: ಕಣ್ಣುಮುಚ್ಚಿ ರೈಲಿಗೆ ಹೋಗಿ. ಅರಕು ಮೇಲೆ ಹೋಗುವ ಕಿರಂದೂಲ್ ಗಾಡಿ ಬೆಳಗ್ಗೇ ಹೊರಡುವುದರಿಂದ ಹಿಂದಿನ ರಾತ್ರಿ ವಿಶಾಖಪಟ್ಟಣದಲ್ಲಿರಲೇಬೇಕು. ದಾರಿಯುದ್ದಕ್ಕೂ ಸುರಂಗಗಳು. ವಿಸ್ಟಾಡೋಮ್ (ಗಾಜಿನ ಚಾವಣಿಯ ಬೋಗಿ) ಬೇಕಿದ್ದರೆ ಬುಕಿಂಗ್ ಶುರುವಾದ ದಿನವೇ ಮಾಡಿ. ಅರಕುವರೆಗೆ ಟಿಕೆಟ್ ತೆಗೆದು ಬೊರ್ರಾ ಗುಹಲು ಸ್ಟೇಷನ್ನಿನಲ್ಲಿ ಇಳಿದರೆ ಮುಂದಿನ ದೂರದ ದುಡ್ಡು ನಷ್ಟ.

ಘಾಟಿರಸ್ತೆ: ಇಳಿದಮೇಲಿನ ಖರ್ಚು ಯಾಕೆ ಬಿಟ್ಟಿರಿ ಸರ್? ಸ್ಟೇಷನ್ನಿನಿಂದ ಗುಹೆಗೆ ಆಟೋ, ಗುಹೆಯಿಂದ ಅರಕುಗೆ ಜೀಪ್, ನಡುವೆ ಕಟಿಕಿ ಜಲಪಾತ ಅಂದರೆ ಇನ್ನೊಂದು ಜೀಪ್. ರೇಟು ತಲೆಗೋ ಗಾಡಿಗೋ, ಕಾಯುವ ಹೊತ್ತು ಸೇರಿದೆಯೋ ಅಂತ ಹತ್ತುವ ಮೊದಲೇ ಬಾಯಿಬಿಟ್ಟು ಕೇಳಬೇಕು. ಇಲ್ಲದಿದ್ದರೆ ಇಳಿಯುವಾಗ ಜಗಳ. ಕಾರಿನಲ್ಲಿ ಶೃಂಗವರಪುಕೋಟ, ಅನಂತಗಿರಿ ಮೇಲೆ ಬೊರ್ರಾಕ್ಕೆ ಸುಮಾರು 90 ಕಿ.ಮೀ. ಅಷ್ಟೇ.

ರೈಲುಪ್ರಿಯ: ಅನಂತಗಿರಿ ತಿರುವುಗಳಲ್ಲಿ ವಾಂತಿಯಾಗುವವರ ಗತಿ?

ಘಾಟಿರಸ್ತೆ: ಸಂಜೆ ವಾಪಸ್ ಗಾಡಿಗೆ ಕಾದು ಕೂರುವವರ ಗತಿ ನೀವು ಹೇಳಿ. ಬೈಲಾಡಿಲ ಗಣಿಗಳ ಕಬ್ಬಿಣದ ಅದಿರು ಹೊತ್ತ ಗೂಡ್ಸ್ ಓಡಾಡುವ ಮಾರ್ಗ ಅದು. ಪ್ಯಾಸೆಂಜರ್ ನಿಂತೇ ಇರುತ್ತದೆ.

ಮಲೆನಾಡಮ್ಮ: ಇಬ್ಬರೂ ಸ್ವಲ್ಪ ಸುಮ್ಮನಿರಿ. ಕೇಳಿದ್ದು ಮಂಡಿನೋವಿನ ವಿಷಯ. ಗುಹೆಯ ಬಾಗಿಲಲ್ಲೇ ಇಳಿಜಾರಿನ ಮೆಟ್ಟಿಲು. ಇಳಿದಷ್ಟನ್ನೂ ವಾಪಸ್ ಹತ್ತಬೇಕು. ಮೊದಲ ದೊಡ್ಡ ಅಂಗಳದವರೆಗೆ ಹೋದರೆ ಸಾಕು: ಚಾವಣಿಯ ತೂತಿನಿಂದ ಬೆಳಕು ಬೀಳುವುದು ಕಾಣುತ್ತದೆ. ಶಿವಲಿಂಗದ ಹತ್ತಿರದ ಏಣಿಯಂಥ ಕಡಿದಾದ ಮೆಟ್ಟಿಲಿಗೆ ಅವರನ್ನು ಹತ್ತಿಸಬೇಡಿ. ಮೇಲಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಕಲ್ಲಿನ ಮೇಲೆ ಸವೆದ ಚಪ್ಪಲಿ ಜಾರುತ್ತದೆ. ಹಿಂದೆ ಪಟ್ಟಿ ಇರುವ ರಬ್ಬರ್ ಅಡಿಯ ಚಪ್ಪಲಿ ಹಾಕಿಸಿ.

ಕ್ಯಾಮೆರಾ_ಕೈ: ಕ್ಯಾಮೆರಾಗೆ ಬೇರೆ ಟಿಕೆಟ್, ಮರೆಯಬೇಡಿ. ಫ್ಲ್ಯಾಶ್ ಹಾಕಿದರೆ ತೇವದ ಗಾಳಿಯ ಹನಿಗಳೇ ಬಿಳಿಚುಕ್ಕಿಯಾಗಿ ಮೂಡುತ್ತವೆ. ಕ್ಯಾಮೆರಾದ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 1600ಕ್ಕೆ ಏರಿಸಿ, ಕಂಬಿಗೆ ಮೊಣಕೈ ಊರಿ ತೆಗೆಯಿರಿ. ಅಳತೆ ಗೊತ್ತಾಗಲು ಒಬ್ಬರನ್ನು ಸುಣ್ಣದ ಕಂಬಕ್ಕೆ ಒರಗಿಸಿ ನಿಲ್ಲಿಸಿ.

ಮಲೆನಾಡಮ್ಮ: ಒರಗಿಸಿ ಅಂತೀರಲ್ಲ! ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ತಂದು, ತೊಟ್ಟುತೊಟ್ಟಾಗಿ ಕಟ್ಟಿದ್ದು ಅದು. ಮೈಯ ಜಿಡ್ಡು ಹತ್ತಿದ ಕಡೆ ಸುಣ್ಣ ಸರಿಯಾಗಿ ಕೂರದು, ಕಲೆಯಾಗಿ ಕಪ್ಪಾಗುತ್ತದೆ. ಕೈಗೆಟುಕುವ ಎತ್ತರದಲ್ಲಿ ಎಲ್ಲ ಹೇಗಾಗಿದೆ ನೋಡಿದ್ದೀರಾ?

ಕ್ಯಾಮೆರಾ_ಕೈ: ಸರಿ, ಪಕ್ಕದಲ್ಲಿ ನಿಲ್ಲಿಸಿ. ಆದರೆ ಬಣ್ಣದ ದೀಪ ಹಾಕಿ ಕಲ್ಲಿನ ನಿಜಬಣ್ಣ ಮುಚ್ಚಿದ್ದಕ್ಕೂ ಇಷ್ಟೇ ಸಿಟ್ಟು ಮಾಡಿ.

ರೈಲುಪ್ರಿಯ: ದೀಪದ ಜಗಳ ಆಮೇಲೆ. ಕಾರಿನವರು ಪಾರ್ಕಿಂಗ್ ದುಡ್ಡು ಲೆಕ್ಕಕ್ಕೆ ಹಿಡಿದಿಲ್ಲ.